ಸುಲ್ತಾನನ ದೀಕ್ಷಾಸ್ನಾನ: ಕಲ್ಪಿತ ಚರಿತ್ರೆಯ ಒಂದು ವಸ್ತುವಿನ ವಿಮರ್ಶೆ

೧

ನಡೆದುದನ್ನು ಹೇಳುವುದು ಚರಿತ್ರೆ, ನಡೆಯಬಹುದಾದುದನ್ನು ಹೇಳುವುದು ಕಾವ್ಯ ಎಂಬ ವಿಭಾಗವು ಅರಿಸ್ಟಾಟಲನ ಕಾಲದಿಂದಲೂ ಪ್ರಸಿದ್ಧವಾದುದು. ಇವೆರಡರ ಸಂಧಿಯಲ್ಲಿ ಮೂರನೆಯ ಜಾತಿಯ ಬರೆವಣಿಗೆಯೊಂದುಂಟು. ನಡೆಯದೆ ಹೋದ ಸಂಗತಿಯೊಂದನ್ನು ನಡೆದುದೆಂದೇ ಇಟ್ಟುಕೊಂಡು, ಅದರಿಂದ ಮುಂದಿನ ಕಥೆಯನ್ನು ಊಹಿಸುತ್ತ ಹೋಗುವುದು ಅದರ ಕ್ರಮ. ಇದನ್ನು ಕಲ್ಪಿತ ಚರಿತ್ರೆಯೆಂದು ಕರೆಯಬಹುದು. ರೋಮಿನ ಇತಿಹಾಸಕಾರನಾದ ಲಿವಿಯು ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ, ಅಲೆಕ್ಸಾಂಡರನು ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ದಂಡೆತ್ತಿದ್ದರೆ ಏನಾಗುತ್ತಿತ್ತೆಂದು ವಿಚಾರಿಸಿ, ಗೆಲವು ರೋಮಿನದೇ ಎಂದು ತೀರ್ಮಾನಿಸಿದ್ದಾನೆ. ೭೩೨ರ ಕಾಳಗದಲ್ಲಿ ಅರಬರು ಫ್ರಾಂಕರನ್ನು ಗೆದ್ದಿದ್ದರೆ ಆಕ್ಸ್‌ಫರ್ಡಿನ ಪಾಠಶಾಲೆಗಳಲ್ಲಿ ಖುರಾನಿನ ವ್ಯಾಖ್ಯಾನ ನಡೆಯುತ್ತಿದ್ದೀತೆಂದು ಗಿಬ್ಬನ್ನನು ಊಹಿಸಿದುದನ್ನು ಎಲ್ಲರೂ ಬಲ್ಲರು. ಫ್ರಾನ್ಸಿನ ತತ್ತ್ವಜ್ಞನಾದ ಷಾರ್ಲ್ ರೆನೂವಿಯೆ ೧೮೭೬ರಲ್ಲಿ ಪ್ರಕಟಿಸಿದ ಗ್ರಂಥವು ಈ ಜಾತಿಗೆ ‘ಯೂಕ್ರೋನಿ’ ಎಂಬ ಹೆಸರನ್ನು ಕೊಟ್ಟಿತು. ಅದರ ವಸ್ತುವು ಪಶ್ಚಿಮ ಯೂರೋಪಿನಲ್ಲಿ ಕ್ರೈಸ್ತಮತವು ಪ್ರಭುತ್ವವನ್ನು ಪಡೆಯದೆ ಹೋಗಿದ್ದರೆ ಎಂಬುದು. ೧೯೩೧ರಲ್ಲಿ ಜೆ. ಸಿ. ಸ್ಕ್ವಯರನು ಸಂಪಾದಿಸಿದ ಸಂಕಲನದಲ್ಲಿ, ಸ್ಪೆಯಿನ್ ದೇಶದ ಮೂರರು ಗೆದ್ದು ಉಳಿದಿದ್ದರೆ ಎಂಬ ಲೇಖನವೂ ಸೇರಿದೆ.

ಈ ಉದಾಹರಣೆಗಳಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಕಲ್ಪಿತ ಚರಿತ್ರೆಗೆ ಯುದ್ಧವೆಷ್ಟು ಪ್ರಿಯವೋ ಮತವೂ ಅಷ್ಟೇ ಪ್ರಿಯ. ಮತವೊಂದು ಹಬ್ಬಿದ್ದರೆ, ಹಬ್ಬದಿದ್ದರೆ, ಬೇರೆ ಜನಾಂಗದ ಕೈಸೇರಿದ್ದರೆ ಎಂಬ ಪ್ರಶ್ನೆಗಳು ಮತ್ತೆಮತ್ತೆ ಏಳುತ್ತವೆ. ಅವುಗಳಲ್ಲಿ ಒಂದನ್ನು ಇಲ್ಲಿ ಪರೀಕ್ಷಿಸಲಾಗಿದೆ. ಮಧ್ಯಯುಗದ ತುರ್ಕ ರಾಜವಂಶವೊಂದು, ಮುಖ್ಯವಾಗಿ ಆನಟೋಲಿಯದ ಸೆಲ್ಜುಕ್ ವಂಶವು, ಕ್ರೈಸ್ತಮತವನ್ನು ಸ್ವೀಕರಿಸಿದ್ದರೆ ಎಂಬುದೇ ಆ ಪ್ರಶ್ನೆ. ಇದು ಈ ಕಾಲದವರ ಬರಿಯ ವಿನೋದವಲ್ಲ. ಆ ಕಾಲದ ಚಕ್ರವರ್ತಿಗಳೂ ಪೋಪರೂ ಕವಿಗಳೂ ಇದನ್ನು ಆಸೆಯಿಂದಲೋ ಭಯದಿಂದಲೋ ತಾವೇ ಕೇಳಿಕೊಂಡಿದ್ದಾರೆ. ಆದಕಾರಣ ಇದು ಚರಿತ್ರೆಗೆ ಎಷ್ಟೋ ಅಷ್ಟೇ ಸಾಹಿತ್ಯ ವಿಮರ್ಶೆಗೂ ಸೇರಿದ ವಿಷಯ.

ವಿಮರ್ಶೆಗೆ ಒಂದು ಅಳತೆಗೋಲು ಬೇಕು. ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ, ಇತಿಹಾಸದಿಂದ ಬಂದ ಕಥೆಯಲ್ಲಿ ರಸಕ್ಕೆ ಹೊಂದದ ಸ್ಥಿತಿಯಿದ್ದರೆ ಕವಿಯು ಅದನ್ನು ಬಿಟ್ಟು, ಹೊಂದುವುದನ್ನು ಕಲ್ಪಿಸಿಕೊಳ್ಳಬೇಕೆಂದು ವಿಧಿಸಿದ್ದಾನೆ. ಕಲ್ಪನೆಗೆ ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟವನೇ ಅದೇ ಪ್ರಕರಣದಲ್ಲಿ ಮಿತಿಯನ್ನೂ ಹೇಳಿದ್ದಾನೆ. ಕೇವಲ ಮನುಷ್ಯನಾದ ಅರಸನು ಏಳು ಕಡಲುಗಳನ್ನು ದಾಟಿದನೆಂದು ವರ್ಣಿಸಿದರೆ, ವರ್ಣನೆ ಎಷ್ಟು ಸೊಗಸಾಗಿದ್ದರೂ ಅದು ನೀರಸವೇ. ಏಕೆಂದರೆ ಅಲ್ಲಿ ಔಚಿತ್ಯವಿಲ್ಲ. ಕಲ್ಪಿತ ಚರಿತ್ರೆಗೂ ಈ ಸೂತ್ರವು ಸಲ್ಲುತ್ತದೆ. ಸುಲ್ತಾನನು ದೀಕ್ಷಾಸ್ನಾನವನ್ನು ಪಡೆದನೆಂದು ಬರೆಯುವುದು ಸುಲಭ. ಆತನ ಹಿಂದೆ ಖಾಜಿಗಳೂ ಸೇನಾಪತಿಗಳೂ ಕುರಿ ಮೇಯಿಸುವ ತುರ್ಕಮಾನರೂ ಸಾಲಾಗಿ ಬಂದು ನೀರಿಗಿಳಿದರೆಂದು ಬರೆಯುವುದು ಏಳು ಕಡಲುಗಳನ್ನು ದಾಟಿಸಿದಂತೆ. ಈ ವಸ್ತುವಿನ ಗುಣದೋಷಗಳೆಲ್ಲ ಇದೊಂದು ಅಂಶದಲ್ಲಿ ಅಡಗಿವೆ.

೨

ಮೊದಲು, ಈ ಕಲ್ಪನೆಗೆ ನೆಲವಿತ್ತೆಂಬುದನ್ನು ತೋರಿಸಬೇಕು. ೧೦೭೧ರ ಮಾಂಜಿಕರ್ಟ್ ಯುದ್ಧದಲ್ಲಿ ಸುಲ್ತಾನ ಆಲ್ಪ್ ಅರ್ಸ್ಲಾನನು ಬೈಜಾಂಟಿಯಮಿನ ಚಕ್ರವರ್ತಿಯಾದ ನಾಲ್ಕನೆಯ ರೋಮಾನೋಸನನ್ನು ಸೆರೆಹಿಡಿದ ಮೇಲೆ, ತುರ್ಕರಿಗೆ ಆನಟೋಲಿಯದ ಬಾಗಿಲು ತೆರೆಯಿತು. ಸೆಲ್ಜುಕರ ಒಂದು ಶಾಖೆಯು ಮೊದಲು ನೈಕಿಯದಲ್ಲಿಯೂ, ೧೦೯೭ರಲ್ಲಿ ಆ ಊರು ಕೈಬಿಟ್ಟ ಮೇಲೆ ಕೊನ್ಯಾ ಪಟ್ಟಣದಲ್ಲಿಯೂ ನೆಲಸಿತು. ರೋಮನರ ನಾಡನ್ನು ಆಳಿದುದರಿಂದ ಇವರಿಗೆ ರೂಮ್ ಸೆಲ್ಜುಕರೆಂದು ಹೆಸರಾಯಿತು. ಇವರ ಪ್ರಜೆಗಳಲ್ಲಿ ಬಹುಕಾಲ ಗ್ರೀಕ ಮತ್ತು ಅರ್ಮೀನಿಯದ ಕ್ರೈಸ್ತರು ದೊಡ್ಡ ಪಾಲಾಗಿದ್ದರು. ನೆರೆಯ ತುರ್ಕ ವಂಶವಾದ ದಾನಿಷ್ಮೆಂದರ ತಾಮ್ರ ನಾಣ್ಯಗಳಲ್ಲಿ ಗ್ರೀಕ ಬರೆಹವನ್ನೂ, ಕೆಲವದರಲ್ಲಿ ಕ್ರಿಸ್ತನ ಮುಖಬಿಂಬವನ್ನೂ ಕಾಣಬಹುದು. ನಾಣ್ಯದ ಮೇಲೆ ಕ್ರಿಸ್ತನಿದ್ದ ಮಾತ್ರಕ್ಕೆ ಅರಸನು ಕ್ರೈಸ್ತನಾಗಲಿಲ್ಲ. ಸಂತೆಯಲ್ಲಿ ಯಾವ ಬಿಂಬಕ್ಕೆ ಬೆಲೆಯಿತ್ತೋ ಅದನ್ನು ಆತನು ಅಚ್ಚುಹಾಕಿಸಿದನು. ಆದರೆ ಎರಡು ಮತಗಳು ಒಂದೇ ಅಂಗಳದಲ್ಲಿ ಬಾಳುತ್ತಿದ್ದುವೆಂಬುದಕ್ಕೆ ಇದು ಸಾಕ್ಷಿ.

೧೧೬೧–೬೨ರಲ್ಲಿ ಸುಲ್ತಾನ ಎರಡನೆಯ ಕಿಲಿಜ್ ಅರ್ಸ್ಲಾನನು ಕಾನ್‌ಸ್ಟಾಂಟಿನೋಪಲಿಗೆ ಅತಿಥಿಯಾಗಿ ಬಂದನು. ಚಕ್ರವರ್ತಿ ಮಾನ್ಯುಯೆಲ್ ಕೊಮ್ನೇನೋಸನು ಆತನೊಡನೆ ಸಂತ ಸೋಫಿಯಾ ದೇವಾಲಯದವರೆಗೆ ವಿಜಯಯಾತ್ರೆಯನ್ನು ನಡಸಬೇಕೆಂದಿದ್ದಾಗ, ಧರ್ಮಪೀಠಾಧಿಪತಿಯಾದ ಲೂಕನು ಒಪ್ಪಲಿಲ್ಲ. ಅಷ್ಟರಲ್ಲಿ ಭೂಕಂಪವೂ ಆಗಿ, ಅದನ್ನು ಜನರು ದೈವದ ಆಕ್ಷೇಪಣೆಯೆಂದು ತಿಳಿದರು, ಯಾತ್ರೆ ನಿಂತುಹೋಯಿತು. ಇದೇ ಲೂಕನ ಕಾಲದ ಧರ್ಮಸಭೆಯ ಮುಂದೆ ಬೇರೊಂದು ವಿಚಿತ್ರ ಪ್ರಶ್ನೆಯೂ ಬಂದಿತ್ತೆಂದು ಧರ್ಮಶಾಸ್ತ್ರಜ್ಞನಾದ ಬಾಲ್ಸಮೋನನು ಬರೆದಿಟ್ಟಿದ್ದಾನೆ. ಆನಟೋಲಿಯದ ಮುಸಲ್ಮಾನರು ತಮ್ಮ ಕೂಸುಗಳಿಗೆ ಗ್ರೀಕ ಪುರೋಹಿತರಿಂದ ದೀಕ್ಷಾಸ್ನಾನವನ್ನು ಮಾಡಿಸುತ್ತಿದ್ದರು. ಪಿಶಾಚಬಾಧೆಯೂ ಮೈಯ ದುರ್ಗಂಧವೂ ಅದರಿಂದ ಹೋಗುತ್ತವೆಂಬುದು ಅವರ ನಂಬಿಕೆ. ಇಂತಹ ಸ್ನಾನವು ಔಷಧವೇ ಹೊರತು ದೀಕ್ಷೆಯಲ್ಲವೆಂದು ಸಭೆಯು ತೀರ್ಪಿತ್ತಿತು. ಸಂಸ್ಕಾರವನ್ನು ಪಡೆದುದರಿಂದಲೇ ಮತಾಂತರವಾಯಿತೆಂದು ತಿಳಿಯುವ ಈ ಕಾಲದ ಕಥೆಗಾರರಿಗಿಂತ ಆ ಧರ್ಮಸಭೆಯು ಹೆಚ್ಚು ವಿವೇಕವನ್ನು ತೋರಿಸಿದೆಯೆಂದು ಹೇಳಬೇಕಾಗಿದೆ.

ಪಶ್ಚಿಮದಲ್ಲಿ ಇನ್ನೂ ದೊಡ್ಡ ಆಸೆಯು ಹುಟ್ಟಿತ್ತು. ಕೊನ್ಯಾದ ಸುಲ್ತಾನನು ಕ್ರೈಸ್ತನಾಗಬಯಸುತ್ತಾನೆಂಬ ವದಂತಿಯನ್ನು ನಂಬಿ, ಪೋಪ್ ಮೂರನೆಯ ಅಲೆಕ್ಸಾಂಡರನ ಹೆಸರಿನಲ್ಲಿ ಆತನಿಗೆ ಮತತತ್ತ್ವಗಳನ್ನು ಬೋಧಿಸುವ ದೀರ್ಘವಾದ ಪತ್ರವೊಂದು ಸಿದ್ಧವಾಯಿತು. ಇಂಗ್ಲೆಂಡಿನ ಚರಿತ್ರಕಾರರು ಇದನ್ನು ೧೧೬೯ರ ಸಂಗತಿಯಾಗಿ ಸೇರಿಸಿದ್ದಾರೆ. ಬ್ಲಾಯಿಸಿನ ಪೀಟರನ ಬರೆಹಗಳೊಡನೆ ಇದು ಉಳಿದು ಬಂದಿದೆ. ಪತ್ರವು ತ್ರಿತ್ವ, ಅವತಾರ ಮೊದಲಾದ ವಿಷಯಗಳನ್ನು ತರ್ಕಬದ್ಧವಾಗಿ ವಿವರಿಸುತ್ತದೆ. ಪತ್ರದ ದೃಷ್ಟಿಯಲ್ಲಿ ಸುಲ್ತಾನನೆಂದರೆ ಒಪ್ಪಿಸಬೇಕಾದ ಒಂದು ಬುದ್ಧಿ. ಆ ಬುದ್ಧಿಯು ಒಪ್ಪಿದರೆ ರಾಜ್ಯವು ತಾನಾಗಿ ಒಪ್ಪುತ್ತದೆ.

ಮಾನ್ಯುಯೆಲನಾದರೋ ಬಾಗಿಲಿನ ಅಗಲವನ್ನೇ ಹೆಚ್ಚಿಸಲು ಯತ್ನಿಸಿದನು. ಇಸ್ಲಾಮಿನಿಂದ ಬರುವವರು ಮಹಮ್ಮದನ ದೇವರನ್ನೇ ಶಪಿಸಬೇಕೆಂದು ಗ್ರೀಕರ ದೀಕ್ಷಾವಿಧಿಯಲ್ಲಿ ಒಂದು ವಾಕ್ಯವಿತ್ತು. ದೇವರನ್ನು ಶಪಿಸುವುದೆಂದರೆ ಅವರು ಹಿಂಜರಿಯುತ್ತಾರೆಂದು ಕಂಡು, ಚಕ್ರವರ್ತಿಯು ತನ್ನ ಮರಣದ ವರ್ಷವಾದ ೧೧೮೦ರಲ್ಲಿ ಅದನ್ನು ತೆಗೆದುಹಾಕಬೇಕೆಂದು ಹಟಹಿಡಿದನು. ಥೆಸಲೊನೀಕದ ಧರ್ಮಾಧ್ಯಕ್ಷನೂ ಹೋಮರನ ವ್ಯಾಖ್ಯಾನಕಾರನೂ ಆದ ಯೂಸ್ಟೇಥಿಯಸನು ಅತ್ಯುಗ್ರವಾಗಿ ವಿರೋಧಿಸಿದನು. ಕೊನೆಗೆ ಪ್ರವಾದಿಯನ್ನೂ ಆತನ ಬೋಧೆಯನ್ನೂ ಶಪಿಸಿದರೆ ಸಾಕು, ದೇವರನ್ನು ಶಪಿಸಬೇಕಾಗಿಲ್ಲವೆಂಬ ರಾಜಿಯಾಯಿತು. ಒಂದು ವಾಕ್ಯವನ್ನು ಬಿಡುವುದಕ್ಕೆ ಇಷ್ಟು ಕಲಹವಾದರೆ, ಒಂದು ರಾಜವಂಶವನ್ನು ಒಳಕ್ಕೆ ಬಿಟ್ಟುಕೊಳ್ಳುವುದಕ್ಕೆ ಎಷ್ಟಾಗಬೇಕು! ಬರುವವನ ಮನಸ್ಸು ಹೇಗಿತ್ತೆಂಬುದು ಒಂದು ಪ್ರಶ್ನೆ. ಮನೆಯವರ ಮನಸ್ಸು ಹೇಗಿತ್ತೆಂಬುದು ಎರಡನೆಯದು. ಕಲ್ಪಿತ ಚರಿತ್ರೆಯು ಎರಡನೆಯದನ್ನು ಮರೆಯುವುದೇ ಹೆಚ್ಚು.

೩

ಇದೇ ಕಾಲದ ಕಾವ್ಯಗಳು ಈ ವಸ್ತುವನ್ನು ಹೇಗೆ ನಿರ್ವಹಿಸಿದುವು? ನಾಲ್ಕು ಕೃತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಉಚಿತ.

ಮೊದಲನೆಯದು ಗ್ರೀಕರ ಗಡಿನಾಡಿನ ವೀರಕಾವ್ಯವಾದ ‘ದಿಗೆನೀಸ್ ಅಕ್ರಿತಾಸ್’. ಸಾಮಾನ್ಯವಾಗಿ ೧೨ನೆಯ ಶತಮಾನದ್ದೆಂದು ಎಣಿಸಲ್ಪಡುವ ಈ ಕಾವ್ಯವು ೧೮೭೫ರಲ್ಲಿ ಮೊದಲು ಅಚ್ಚಾಯಿತು. ಸಿರಿಯದ ಎಮೀರನೊಬ್ಬನು ಗ್ರೀಕ ಸೇನಾಪತಿಯ ಮಗಳನ್ನು ಅಪಹರಿಸುತ್ತಾನೆ. ಆಕೆಯ ಐವರು ಸೋದರರು ಬೆನ್ನಟ್ಟುತ್ತಾರೆ. ಕಿರಿಯವನೊಡನೆ ದ್ವಂದ್ವಯುದ್ಧದಲ್ಲಿ ಸೋತ ಎಮೀರನು ಪ್ರೇಮಕ್ಕಾಗಿ ಕ್ರೈಸ್ತನಾಗುತ್ತಾನೆ. ಇವರ ಮಗನೇ ‘ಇಬ್ಬಗೆಯ ಹುಟ್ಟಿನವನು’ ಎಂಬ ಹೆಸರಿನ ನಾಯಕ. ಎಮೀರನು ಅರಬನೇ ಹೊರತು ತುರ್ಕನಲ್ಲ. ಆದರೆ ಕಾವ್ಯವು ಬರೆಹಕ್ಕಿಳಿದ ಕಾಲಕ್ಕೆ ಗಡಿಯಾಚೆ ಇದ್ದವರು ತುರ್ಕರು. ಇಲ್ಲಿ ಅತ್ಯಂತ ಜೀವಂತವಾದ ಭಾಗವೆಂದರೆ ಎಮೀರನ ತಾಯಿಯ ಪತ್ರ. ಕುಲವನ್ನೂ ಹಿರಿಯರನ್ನೂ ಹಿಂದೆ ಬಿಟ್ಟ ಮಡದಿಮಕ್ಕಳನ್ನೂ ನೆನೆಸಿ ಆಕೆ ಮಗನನ್ನು ಹಳಿಯುತ್ತಾಳೆ. ಮಗನು ಹಿಂದಿರುಗಿ, ತಾನು ನಂಬಿದುದನ್ನು ವಿವರಿಸಿ, ತಾಯಿಯನ್ನೂ ಬಂಧುಗಳನ್ನೂ ಕರೆತರುತ್ತಾನೆ. ಪತ್ರದಲ್ಲಿದ್ದ ಬಲವು ಈ ಸಮಾಧಾನದಲ್ಲಿಲ್ಲ. ಅಷ್ಟು ಗಟ್ಟಿಯಾಗಿ ಮಾತನಾಡಿದ ತಾಯಿ ಇಷ್ಟು ಬೇಗ ಒಪ್ಪಬಾರದಾಗಿತ್ತು. ಆದರೂ ಕವಿಯು ಒಂದು ವಿಷಯವನ್ನು ಬಲ್ಲನು: ಎಮೀರನು ರೋಮನರ ನಾಡಿಗೆ ಬಂದು ಕ್ರೈಸ್ತನಾದನೇ ಹೊರತು ಸಿರಿಯವನ್ನು ಕ್ರೈಸ್ತವಾಗಿ ಮಾಡಲಿಲ್ಲ.

ಎರಡನೆಯದು ೧೪ನೆಯ ಶತಮಾನದ ಇಂಗ್ಲಿಷ್ ಕಥಾಕಾವ್ಯವಾದ ‘ಟಾರ್ಸ್ ದೇಶದ ಅರಸ’. ಇದರಲ್ಲಿ ಡಮಾಸ್ಕಸಿನ ಸುಲ್ತಾನನಿಗೂ ಕ್ರೈಸ್ತ ರಾಜಪುತ್ರಿಗೂ ಹುಟ್ಟಿದ ಆಕಾರವಿಲ್ಲದ ಮಾಂಸಪಿಂಡವು ದೀಕ್ಷಾಸ್ನಾನದಿಂದ ಸುಂದರವಾದ ಕೂಸಾಗುತ್ತದೆ. ಪವಾಡವನ್ನು ಕಂಡ ಸುಲ್ತಾನನು ತಾನೂ ದೀಕ್ಷೆಯನ್ನು ಪಡೆಯುತ್ತಾನೆ. ಒಪ್ಪದ ಸಾಮಂತರನ್ನು ಕೊಲ್ಲಿಸುತ್ತಾನೆ. ಸುಲ್ತಾನನು ವಿಗ್ರಹಗಳನ್ನು ಪೂಜಿಸುತ್ತಿದ್ದನೆಂದು ಬರೆದ ಕವಿಗೆ ಇಸ್ಲಾಮಿನ ಪರಿಚಯವೇ ಇಲ್ಲ. ಎದುರಿನ ಮತವನ್ನು ಅರಿಯದವನಿಗೆ ಅದನ್ನು ಬಿಡುವುದರ ಕಷ್ಟವೂ ತಿಳಿಯದು. ಆದುದರಿಂದ ಕತ್ತಿಯೂ ಪವಾಡವೂ ಕಾರಣದ ಸ್ಥಾನದಲ್ಲಿ ನಿಂತಿವೆ.

ಮೂರನೆಯದು ಅದೇ ಶತಮಾನದ ಕೊನೆಯಲ್ಲಿ ಚಾಸರನು ಬರೆದ ನ್ಯಾಯವಾದಿಯ ಕಥೆ. ಸಿರಿಯದ ಸುಲ್ತಾನನು ರೋಮಿನ ರಾಜಪುತ್ರಿ ಕಾನ್‌ಸ್ಟನ್ಸಳ ಕೀರ್ತಿಯನ್ನು ವರ್ತಕರಿಂದ ಕೇಳಿ ಮೋಹಗೊಂಡು, ಮಂತ್ರಾಲೋಚನೆ ಮಾಡಿ, ಕ್ರೈಸ್ತನಾಗಲು ಒಪ್ಪುತ್ತಾನೆ. ಆತನ ತಾಯಿ ತನ್ನವರನ್ನು ಗುಟ್ಟಾಗಿ ಕೂಡಿಸುತ್ತಾಳೆ. ತಾನೂ ಮತಾಂತರ ಹೊಂದುವಂತೆ ನಟಿಸಿ, ಔತಣದಲ್ಲಿ ಮಗನನ್ನೂ ಆತನನ್ನು ಅನುಸರಿಸಿದವರನ್ನೂ ಕಡಿಸಿಹಾಕುತ್ತಾಳೆ. ಕವಿಯು ಆಕೆಯನ್ನು ಕಠೋರವಾಗಿ ನಿಂದಿಸುತ್ತಾನೆ. ನಿಂದೆಯನ್ನು ಬದಿಗಿಟ್ಟು ಕಥೆಯನ್ನು ಮಾತ್ರ ನೋಡಿದರೆ, ನಾಲ್ಕರಲ್ಲಿ ಇದೊಂದೇ ರಾಜ್ಯವ್ಯವಹಾರವನ್ನು ಬಲ್ಲ ಕೃತಿ. ಮತವನ್ನು ಬದಲಿಸಿದ ಅರಸನಿಗೆ ಅಪಾಯವು ಹೊರಗಿನ ಶತ್ರುವಿನಿಂದಲ್ಲ, ಸ್ವಂತ ಮನೆಯ ಪಂಕ್ತಿಯಿಂದಲೇ ಬರುತ್ತದೆಂದು ಚಾಸರನು ತೋರಿಸಿದ್ದಾನೆ.

ನಾಲ್ಕನೆಯದು ತುರ್ಕರದೇ ಆದ ‘ದಾನಿಷ್ಮೆಂದ್‌ನಾಮೆ’. ಇಲ್ಲಿ ಕನ್ನಡಿ ತಿರುಗಿದೆ: ಕ್ರೈಸ್ತ ವೀರನಾದ ಆರ್ತುಹಿಯೂ ವೀರಾಂಗನೆಯಾದ ಎಫ್ರೋಮಿಯಾಳೂ ಇಸ್ಲಾಮನ್ನು ಸ್ವೀಕರಿಸಿ ಮೆಲಿಕ್ ದಾನಿಷ್ಮೆಂದನ ಪಕ್ಷವನ್ನು ಸೇರುತ್ತಾರೆ. ಎರಡು ಕಡೆಯ ಕವಿಗಳೂ ಎದುರು ಪಕ್ಷದ ಶೂರನನ್ನು ತಮ್ಮವನನ್ನಾಗಿ ಮಾಡಿಕೊಂಡಿದ್ದಾರೆ. ಶತ್ರುವಿನಲ್ಲಿ ಮೆಚ್ಚಿಗೆಯಿಲ್ಲದಿದ್ದರೆ ಇಂತಹ ಕಲ್ಪನೆ ಹುಟ್ಟುವುದಿಲ್ಲ. ೧೪ನೆಯ ಶತಮಾನದಲ್ಲಿ ತೋಕಾತಿನ ಆರಿಫ್ ಅಲಿಯು ಪುನಃ ರಚಿಸಿದ ರೂಪದಲ್ಲಿ ಈ ಗ್ರಂಥವು ಉಳಿದಿದೆ; ಮೂಲವನ್ನು ೧೩ನೆಯ ಶತಮಾನದ ನಡುವೆ ಬರೆಯಿಸಿದವನು ಸುಲ್ತಾನ ಎರಡನೆಯ ಕೈಕಾವೂಸನೆಂದು ಸಂಪ್ರದಾಯವಿದೆ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಕ್ರೈಸ್ತರು ಮುಸಲ್ಮಾನರಾಗುವ ಕಾವ್ಯಕ್ಕೆ ಆಶ್ರಯವಿತ್ತವನೆಂದು ಪ್ರಸಿದ್ಧನಾದ ಈತನೇ ಮುಂದೆ ಕಾನ್‌ಸ್ಟಾಂಟಿನೋಪಲಿನ ದೇವಾಲಯದಲ್ಲಿ ಕಾಣಿಸಿಕೊಳ್ಳುತ್ತಾನೆ.

ಗ್ರೀಕ ಕಾವ್ಯದಲ್ಲಿಯೂ ಚಾಸರನಲ್ಲಿಯೂ ಹಳೆಯ ಮತದ ಕಾವಲಿಗೆ ನಿಂತವಳು ತಾಯಿ. ಅರಸನ ಮನಸ್ಸು ಚಂಚಲ; ಕುಲದ ಸ್ಮರಣೆಯು ತಾಯಿಯಲ್ಲಿ ಸ್ಥಿರ ಎಂಬುದು ಕವಿಗಳ ಭಾವನೆ. ಚರಿತ್ರೆಯು ಇದಕ್ಕೆ ನೇರ ವಿರುದ್ಧವಾದುದನ್ನು ತೋರಿಸುತ್ತದೆ. ಕೊನ್ಯಾದ ಅಂತಃಪುರದಲ್ಲಿ ಹೊಸ ಮತದ ಬಾಗಿಲಾಗಿದ್ದವಳೇ ತಾಯಿ.

೪

ಒಂದನೆಯ ಕೈಖುಸ್ರೌವನ ತಾಯಿ ಗ್ರೀಕಳು. ಎರಡನೆಯ ಕೈಕಾವೂಸನ ತಾಯಿ ಗ್ರೀಕ ಪುರೋಹಿತನ ಮಗಳು. ಇಂತಹ ತಾಯಂದಿರ ಆರೈಕೆಯಲ್ಲಿ ಬೆಳೆದ ಸೆಲ್ಜುಕ್ ರಾಜಪುತ್ರರು ಗ್ರೀಕ ಭಾಷೆಯನ್ನೂ ಕ್ರೈಸ್ತ ಆಚಾರವನ್ನೂ ಎಳವೆಯಿಂದಲೇ ಬಲ್ಲವರಾಗಿದ್ದರೆಂದು ರುಸ್ತಮ್ ಶುಕೂರೋವ್ ಮೊದಲಾದ ಇತ್ತೀಚಿನ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಹಾಗಾದರೆ ಕಲ್ಪಿತ ಚರಿತ್ರೆಯು ಬಯಸುವ ಅರಸನು ನಿಜವಾಗಿಯೇ ಇದ್ದನೆಂದಾಯಿತು. ಆತನಿಗೆ ಏನಾಯಿತೆಂಬುದನ್ನು ಊಹಿಸಬೇಕಾಗಿಲ್ಲ.

ಕೈಖುಸ್ರೌವು ೧೧೯೨ರಲ್ಲಿ ಪಟ್ಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಅಣ್ಣನಿಂದ ಪದಚ್ಯುತನಾಗಿ ಅಲೆದಾಡುತ್ತ ಕಾನ್‌ಸ್ಟಾಂಟಿನೋಪಲನ್ನು ಸೇರಿದನು. ಅಲ್ಲಿ ಚಕ್ರವರ್ತಿ ಮೂರನೆಯ ಅಲೆಕ್ಸಿಯೋಸನು ಆತನಿಗೆ ದೀಕ್ಷಾಸ್ನಾನವನ್ನು ಮಾಡಿಸಿ ಮಗನಾಗಿ ಸ್ವೀಕರಿಸಿದನೆಂದು ಗ್ರೀಕ ಇತಿಹಾಸಕಾರನಾದ ಅಕ್ರೊಪೊಲಿತೇಸನು ಹೇಳುತ್ತಾನೆ. ಗ್ರೀಕ ಸಾಮಂತನಾದ ಮೌರೊಜೋಮೇಸನ ಮಗಳನ್ನು ಆತನು ಮದುವೆಯೂ ಆದನು. ೧೨೦೫ರಲ್ಲಿ ಹಿಂದಿರುಗಿ ಕೊನ್ಯಾವನ್ನು ಪಡೆಯಬೇಕೆಂದಾಗ ಮಾತ್ರ ಕಷ್ಟವು ಎದುರಾಯಿತು. ಕ್ರೈಸ್ತರ ನಾಡಿನಲ್ಲಿ ಧರ್ಮಶಾಸ್ತ್ರಕ್ಕೆ ವಿರುದ್ಧವಾಗಿ ನಡೆದವನು ಸುಲ್ತಾನನಾಗಲು ಅನರ್ಹನೆಂದು ಕೊನ್ಯಾದ ಖಾಜಿಯಾದ ತಿರ್ಮಿದಿಯು ವ್ಯವಸ್ಥೆ ಕೊಟ್ಟನೆಂದೂ, ಕೈಖುಸ್ರೌವು ಆತನನ್ನು ಕೊಲ್ಲಿಸಿದನೆಂದೂ ಸೆಲ್ಜುಕರ ಚರಿತ್ರಕಾರನಾದ ಇಬ್ನ್ ಬೀಬಿಯಿಂದ ತಿಳಿದುಬರುತ್ತದೆ. ಖಾಜಿಯ ತಲೆ ಹೋಯಿತು. ಆದರೆ ವ್ಯವಸ್ಥೆಯು ಸುಳ್ಳಾಗಲಿಲ್ಲ. ಅಂದಿನಿಂದ ೧೨೧೧ರಲ್ಲಿ ಗ್ರೀಕರೊಡನೆ ಹೋರಾಡುತ್ತ ಮಡಿಯುವವರೆಗೆ ಕೈಖುಸ್ರೌವು ಮುಸಲ್ಮಾನ ಸುಲ್ತಾನನಾಗಿಯೇ ಆಳಿದನು. ಕಾನ್‌ಸ್ಟಾಂಟಿನೋಪಲಿನ ನೀರು ಕೊನ್ಯಾದ ಬಾಗಿಲಲ್ಲಿ ಒಣಗಿಹೋಯಿತು.

ಎರಡನೆಯ ಕೈಕಾವೂಸನ ಕಥೆಯು ಇನ್ನೂ ಸ್ಪಷ್ಟವಾದುದು. ೧೨೪೩ರ ಕೋಸೆ ದಾಗ್ ಯುದ್ಧದ ಮೇಲೆ ರೂಮ್ ರಾಜ್ಯವು ಮಂಗೋಲರ ಅಧೀನವಾಯಿತು. ತಮ್ಮನಾದ ನಾಲ್ಕನೆಯ ಕಿಲಿಜ್ ಅರ್ಸ್ಲಾನನಿಗೆ ಮಂಗೋಲರ ಬಲ ದೊರೆತುದರಿಂದ, ಕೈಕಾವೂಸನು ೧೨೬೧ರಲ್ಲಿ ತಾಯಿ ಮಕ್ಕಳೊಡನೆ ಚಕ್ರವರ್ತಿ ಎಂಟನೆಯ ಮೈಕೇಲನ ಮರೆಹೊಕ್ಕನು. ಆತನು ರಾಜ್ಯವನ್ನು ಕಳೆದುಕೊಂಡುದು ರಾಜಕೀಯದಿಂದ, ಮತದಿಂದಲ್ಲ. ಇದನ್ನು ಮರೆತು ಕಥೆ ಕಟ್ಟಬಾರದು. ಮುಂದೆ ಧರ್ಮಪೀಠಾಧಿಪತಿ ಆರ್ಸೇನಿಯೋಸನು ೧೨೬೫ರಲ್ಲಿ ಪದಚ್ಯುತನಾದಾಗ, ಸುಲ್ತಾನನನ್ನೂ ಆತನ ಮಕ್ಕಳನ್ನೂ ಪೂಜೆಯಲ್ಲಿ ಸೇರಿಸಿಕೊಂಡನೆಂಬುದು ಆತನ ಮೇಲಿನ ಆರೋಪಗಳಲ್ಲಿ ಒಂದಾಗಿತ್ತು. ಬಾಲಚಕ್ರವರ್ತಿಯ ಕಣ್ಣು ಕೀಳಿಸಿದುದಕ್ಕಾಗಿ ಮೈಕೇಲನನ್ನು ಬಹಿಷ್ಕರಿಸಿದ ಧರ್ಮಾಧಿಕಾರಿಯನ್ನು ತೆಗೆದುಹಾಕುವುದಕ್ಕೆ ಇದೊಂದು ನೆಪ. ಅವರು ದೀಕ್ಷೆ ಪಡೆದವರೆಂದು ಪಿಸಿಡಿಯದ ಧರ್ಮಾಧ್ಯಕ್ಷನು ಸಾಕ್ಷಿ ಹೇಳಿದರೂ ಪ್ರಯೋಜನವಾಗಲಿಲ್ಲ. ಸುಲ್ತಾನನು ಕ್ರೈಸ್ತನೋ ಅಲ್ಲವೋ ಎಂಬುದು ಗ್ರೀಕರಲ್ಲಿಯೇ ಒಬ್ಬರನ್ನೊಬ್ಬರು ಹೊಡೆಯುವ ಆಯುಧವಾಯಿತು.

ಅಷ್ಟರಲ್ಲಿ ವೋಲ್ಗಾ ತೀರದ ಮಂಗೋಲರ ಸೇನೆಯು ಕೈಕಾವೂಸನನ್ನು ಬಿಡಿಸಿ ಕ್ರಿಮಿಯಕ್ಕೆ ಕರೆದೊಯ್ದಿತು. ಆತನು ಅಲ್ಲಿಯೇ ತೀರಿಕೊಂಡನು. ಆತನ ಮಕ್ಕಳಲ್ಲಿ ಮಸೂದನು ಆನಟೋಲಿಯಕ್ಕೆ ಮರಳಿ, ೧೨೮೦ರ ದಶಕದಲ್ಲಿ ಕೊನ್ಯಾದ ಸುಲ್ತಾನನಾದನು. ಇನ್ನೊಬ್ಬನು ಗ್ರೀಕರಲ್ಲಿಯೇ ಉಳಿದು, ಕಾನ್‌ಸ್ಟಂಟೈನ್ ಎಂಬ ಕ್ರೈಸ್ತನಾಮವನ್ನು ಧರಿಸಿ, ಚಕ್ರವರ್ತಿಯ ಅಧಿಕಾರಿಯಾದನು. ಈ ವಂಶಕ್ಕೆ ಸೇರಿದ ಕ್ರೈಸ್ತ ಕುಟುಂಬಗಳಿಗೆ ಗ್ರೀಕ ದಾಖಲೆಗಳಲ್ಲಿ ‘ಸುಲ್ತಾನೋಸ್’ ಎಂಬ ಕುಲನಾಮವು ಕಾಣುತ್ತದೆ. ಒಬ್ಬ ತಂದೆ, ಇಬ್ಬರು ಮಕ್ಕಳು. ಸಿಂಹಾಸನವನ್ನು ಪಡೆದವನು ಮುಸಲ್ಮಾನನಾಗಿ ಉಳಿದನು. ಕ್ರೈಸ್ತನಾದವನ ಪಾಲಿಗೆ ಸುಲ್ತಾನ ಪದವು ಬಿರುದಾಗಿ ಉಳಿಯದೆ ಮನೆತನದ ಹೆಸರಾಯಿತು. ಕಲ್ಪಿತ ಚರಿತ್ರೆಯು ಕೇಳುವ ಪ್ರಶ್ನೆಗೆ ನಿಜವಾದ ಚರಿತ್ರೆಯು ಕೊಟ್ಟ ಉತ್ತರವಿದು: ಇಲ್ಲಿ ಹೇಳಿದ ಸುಲ್ತಾನರ ದೀಕ್ಷೆಯ ಮಾತು ಎದ್ದುದು ದೇಶಭ್ರಷ್ಟತೆಯಲ್ಲಿ, ಪಟ್ಟದಲ್ಲಿ ಕುಳಿತಿದ್ದಾಗಲ್ಲ.

೫

ಇದಕ್ಕೊಂದು ಆಕ್ಷೇಪಣೆಯು ಸಹಜ. ತುರ್ಕ ಮೂಲದ ರಾಜವಂಶಗಳು ಬೇರೆಡೆಗಳಲ್ಲಿ ಕ್ರೈಸ್ತವಾಗಿಲ್ಲವೇ? ಆಗಿವೆ. ತುರ್ಕ ಮೂಲದ ಬಲ್ಗಾರರ ಅರಸನಾದ ಬೋರಿಸನು ೮೬೪ರ ಸುಮಾರಿಗೆ ದೀಕ್ಷೆ ಪಡೆದನು. ದಂಗೆಯೆದ್ದ ಸರದಾರರನ್ನು ಕೊಲ್ಲಿಸಿದನು. ಫ್ರಾಂಕರ ವಾರ್ಷಿಕ ಚರಿತ್ರೆಯು ೫೨ ಮಂದಿಯೆಂದು ಲೆಕ್ಕ ಕೊಡುತ್ತದೆ. ಆತನು ೮೮೯ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿದ ಮೇಲೆ ಮಗ ವ್ಲಾದಿಮಿರನು ಹಳೆಯ ಮತಕ್ಕೆ ತಿರುಗಲೆತ್ನಿಸಿದನು. ಆಗ ಮುದುಕನು ೮೯೩ರಲ್ಲಿ ಮಠದಿಂದ ಹೊರಬಂದು, ಮಗನ ಕಣ್ಣು ಕೀಳಿಸಿ, ಕಿರಿಯ ಮಗ ಸಿಮಿಯೋನನಿಗೆ ಪಟ್ಟಕಟ್ಟಿದನ್ನು ಚರಿತ್ರೆಯು ಮರೆತಿಲ್ಲ. ಪೂರ್ವದಲ್ಲಿ ಮಂಗೋಲಿಯದ ಕೆರಾಯಿತರ ಅರಸನು ೧೧ನೆಯ ಶತಮಾನದ ಆದಿಯಲ್ಲಿ ನೆಸ್ಟೋರಿಯನ್ ಪಂಥವನ್ನು ಸೇರಿದನೆಂದು ಸಿರಿಯದ ಗ್ರಂಥಕರ್ತನಾದ ಬಾರ್ ಹೆಬ್ರೇಯಸನು ಹೇಳುತ್ತಾನೆ.

ಆದರೆ ಈ ಉದಾಹರಣೆಗಳು ಆಕ್ಷೇಪಣೆಯನ್ನು ಸಾಧಿಸುವುದಿಲ್ಲ. ಮೇಲಿನ ಮಾತಿನ ಎಲ್ಲೆಯನ್ನು ನಿರ್ಣಯಿಸುತ್ತವೆ. ಬಲ್ಗಾರರೂ ಕೆರಾಯಿತರೂ ಬಿಟ್ಟುಬಂದುದು ಕುಲಪರಂಪರೆಯ ಆಚಾರವನ್ನು. ಅದಕ್ಕೆ ಲಿಖಿತ ಧರ್ಮಶಾಸ್ತ್ರವಿರಲಿಲ್ಲ, ಖಾಜಿಯಿರಲಿಲ್ಲ, ದತ್ತಿಭೂಮಿಗಳಿಂದ ಬದುಕುವ ಪಾಠಶಾಲೆಗಳಿರಲಿಲ್ಲ. ಕೊನ್ಯಾದಲ್ಲಿ ಇವೆಲ್ಲವೂ ಇದ್ದುವು. ಅಲ್ಲಿ ಸುಲ್ತಾನನು ಮತದ ಒಡೆಯನಲ್ಲ, ಅದರ ಆಶ್ರಯದಲ್ಲಿ ಅಧಿಕಾರವನ್ನು ಪಡೆದವನು. ಆದ್ದರಿಂದ ಕಥೆಯ ಕವಲು ಎಲ್ಲಿ ಒಡೆಯಬೇಕೆಂದು ಕೇಳಿದರೆ, ಕೊನ್ಯಾದಲ್ಲಲ್ಲ, ಎರಡು ಶತಮಾನಗಳ ಹಿಂದೆ ಸಿರ್ ದರಿಯಾ ನದಿಯ ಕೆಳಗಣ ಜೆಂದ್ ಪಟ್ಟಣದಲ್ಲಿ ಎನ್ನಬೇಕು. ವಂಶದ ಮೂಲಪುರುಷನಾದ ಸೆಲ್ಜುಕನು ೯೮೫ರ ಸುಮಾರಿಗೆ ತನ್ನ ಪರಿವಾರದೊಡನೆ ಅಲ್ಲಿಗೆ ಬಂದು ಇಸ್ಲಾಮನ್ನು ಸ್ವೀಕರಿಸಿದನು. ಆತನ ಮಕ್ಕಳ ಹೆಸರುಗಳು ಮಿಕಾಯಿಲ್, ಇಸ್ರಾಯಿಲ್, ಮೂಸಾ. ಇವು ಖಜಾರರ ಯೆಹೂದಿ ಮತದ ಅಥವಾ ನೆಸ್ಟೋರಿಯನ್ ಕ್ರೈಸ್ತರ ಪ್ರಭಾವವನ್ನು ಸೂಚಿಸುತ್ತವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಮುಸಲ್ಮಾನರಲ್ಲಿಯೂ ಈ ಹೆಸರುಗಳಿರುವುದರಿಂದ ಇದು ನಿರ್ಣಾಯಕವಲ್ಲ. ಆದರೂ ಕಲ್ಪನೆಗೆ ಇಷ್ಟು ಸೀಳು ಸಾಕು. ಪರಿವಾರವು ಚಿಕ್ಕದು, ಮತವು ಇನ್ನೂ ಹೆಪ್ಪುಗಟ್ಟಿಲ್ಲ, ನೆರೆಯಲ್ಲಿ ಹಲವು ಮತಗಳಿವೆ.

ಆದರೆ ಸಾಧ್ಯತೆ ಹೆಚ್ಚಿದಂತೆ ಕಥೆಯ ಗುರುತು ಕಡಮೆಯಾಗುತ್ತದೆ. ಸೆಲ್ಜುಕರು ಬಗದಾದಿನೊಳಕ್ಕೆ ೧೦೫೫ರಲ್ಲಿ ಕಾಲಿಟ್ಟುದು ಖಲೀಫನ ರಕ್ಷಕರೆಂಬ ಹೆಸರಿನಿಂದ. ಜೆಂದಿನಲ್ಲಿ ಕ್ರೈಸ್ತರಾಗಿದ್ದರೆ ಅವರಿಗೆ ಆ ಹೆಸರಿಲ್ಲ, ಬಹುಶಃ ಮಾಂಜಿಕರ್ಟೂ ಇಲ್ಲ, ಕೊನ್ಯಾವೂ ಇಲ್ಲ. ಬಲ್ಗಾರರು ಸ್ಲಾವ್ ಭಾಷೆಯ ಪ್ರಾರ್ಥನೆಯೊಡನೆ ಕ್ರಮೇಣ ತಮ್ಮ ತುರ್ಕ ನುಡಿಯನ್ನೇ ಕಳೆದುಕೊಂಡರೆಂಬುದನ್ನೂ ನೆನೆಯಬೇಕು. ಜೆಂದಿನಿಂದ ಹೊರಡುವ ಕಥೆಯು ಜನಾಂಗವೊಂದರ ಮಹಾಕಾವ್ಯವಾಗಬಲ್ಲದು. ಆದರೆ ಅದರ ನಾಯಕರು ಚರಿತ್ರೆಗೆ ಪರಿಚಿತರಾದ ಸೆಲ್ಜುಕರಲ್ಲ. ಕೊನ್ಯಾದಿಂದ ಹೊರಡುವ ಕಥೆಯಲ್ಲಿ ನಾಯಕನು ಪರಿಚಿತನೇ. ಆದರೆ ಅದು ವ್ಯಕ್ತಿಯೊಬ್ಬನ ದುರಂತವಾಗಬಲ್ಲದೇ ಹೊರತು ರಾಜ್ಯದ ವಿಜಯಗಾಥೆಯಾಗಲಾರದು. ಜೆಂದಿನ ಸಾಧ್ಯತೆಯನ್ನು ಕೊನ್ಯಾದ ಪಾತ್ರಗಳಿಗೆ ಹೊಲಿದು, ಸಾಮ್ರಾಜ್ಯವೂ ಉಳಿಯಿತು ಮತವೂ ಬದಲಾಯಿತೆಂದು ಎರಡರ ಲಾಭವನ್ನೂ ಒಟ್ಟಿಗೆ ಬಯಸುವುದೇ ಈ ವಸ್ತುವಿಗೆ ಒದಗುವ ಮುಖ್ಯ ದೋಷ.

೬

ಮತವು ಅರಸನ ಮೈಮೇಲಿನ ಉಡುಪಾಗಿದ್ದರೆ ಅದನ್ನು ಬದಲಿಸಿ ಚರಿತ್ರೆಯನ್ನು ತಿರುಗಿಸುವುದು ಸುಲಭವಾಗುತ್ತಿತ್ತು. ಖಾಜಿಯ ವ್ಯವಸ್ಥೆ, ತಾಯಿಯ ಪತ್ರ, ಧರ್ಮಸಭೆಯ ಜಗಳ, ಸಾಮಂತರ ಔತಣ, ಇವೆಲ್ಲ ಸೇರಿ ಮತವಾಗುತ್ತದೆ. ಇವುಗಳಲ್ಲಿ ಒಂದನ್ನಾದರೂ ಮನಸ್ಸಿಟ್ಟು ಕಂಡ ಕವಿಯ ಕೃತಿ ಇಂದಿಗೂ ಓದಿಸಿಕೊಳ್ಳುತ್ತದೆ. ಚಾಸರನ ಔತಣವೂ ದಿಗೆನೀಸಿನ ಪತ್ರವೂ ಅದಕ್ಕೆ ನಿದರ್ಶನ. ಪವಾಡದಿಂದ ಕಾರ್ಯವನ್ನು ಮುಗಿಸಿಕೊಂಡ ಟಾರ್ಸಿನ ಕಥೆಯು ಪಂಡಿತರ ಕುತೂಹಲಕ್ಕೆ ಮಾತ್ರ ಉಳಿದಿದೆ.

ಕ್ರೈಸ್ತರಾದ ತುರ್ಕಭಾಷಿಕರು ಕಲ್ಪನೆಯಲ್ಲಿ ಮಾತ್ರ ಇರುವವರಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು. ಕೈಕಾವೂಸನೊಡನೆ ದೊಬ್ರುಜಾ ಪ್ರಾಂತಕ್ಕೆ ಹೋದ ತುರ್ಕರಲ್ಲಿ ಉಳಿದವರು ಕ್ರೈಸ್ತರಾದರೆಂದು ೧೫ನೆಯ ಶತಮಾನದ ತುರ್ಕ ಚರಿತ್ರಕಾರನಾದ ಯಾಜಿಜಿಓಗ್ಲು ಅಲಿಯು ಹೇಳುತ್ತಾನೆ. ಇಂದು ಮಾಲ್ಡೋವದ ದಕ್ಷಿಣದಲ್ಲಿರುವ ಗಗೌಜ್ ಜನರ ಹೆಸರೇ ಕೈಕಾವೂಸ್ ಎಂಬುದರಿಂದ ಬಂದಿತೆಂದು ಒಂದು ಪಕ್ಷವುಂಟು; ಅದು ಸರ್ವಸಮ್ಮತವಲ್ಲ. ಆನಟೋಲಿಯದಲ್ಲಿಯೇ ಕರಮಾನ್ಲಿಗಳೆಂಬ ಕ್ರೈಸ್ತರು ತುರ್ಕ ಭಾಷೆಯನ್ನಾಡಿ, ಅದನ್ನು ಗ್ರೀಕ ಲಿಪಿಯಲ್ಲಿ ಬರೆದು, ತಮ್ಮ ಧರ್ಮಗ್ರಂಥಗಳನ್ನು ಓದುತ್ತಿದ್ದರು. ೧೯೨೩ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿಗಳ ನಡುವೆ ಜನರ ವಿನಿಮಯವಾದಾಗ, ಮನೆಮಾತನ್ನು ಯಾರೂ ಕೇಳಲಿಲ್ಲ. ಮತವನ್ನು ಮಾತ್ರ ನೋಡಿ ಅವರನ್ನು ಗ್ರೀಸಿಗೆ ಸಾಗಿಸಿದರು. ತುರ್ಕ ನುಡಿಯೂ ಕ್ರೈಸ್ತಮತವೂ ಒಂದೇ ಮನೆಯಲ್ಲಿ ಬಾಳಬಲ್ಲುವೆಂಬುದನ್ನು ಈ ಜನರು ಯಾವ ಸುಲ್ತಾನನ ದೀಕ್ಷೆಯನ್ನೂ ಕಾಯದೆ ತೋರಿಸಿಕೊಟ್ಟಿದ್ದರು. ಈ ವಸ್ತುವನ್ನು ಕೈಗೆತ್ತಿಕೊಳ್ಳುವ ಕವಿಗೆ ಏಳು ಕಡಲುಗಳನ್ನು ದಾಟುವ ಸುಲ್ತಾನನು ಬೇಕಾಗಿಲ್ಲ. ಅನ್ನಭಾಷೆಯೊಂದು, ಪ್ರಾರ್ಥನೆಯ ಲಿಪಿಯೊಂದು ಆಗಿ ಬಾಳಿ, ಕಡೆಗೆ ಒಂದೇ ಒಂದು ಕಡಲನ್ನು ದಾಟಿ ಹೋದ ಈ ಮನೆತನಗಳು ಸಾಕು.